ಕೋಣೆಯೊಳಗೆ ಮಲೆನಾಡಿನ ಕಾಡು: ನಾಲ್ಕು ಸ್ಪೀಕರ್, ಒಂದು ಪ್ರೊಜೆಕ್ಟರ್

ಕಾಡಿನ ಸದ್ದನ್ನು ಕೋಣೆಗೆ ತರುವವರು ಎಡವುವುದು ಹಕ್ಕಿಗಳನ್ನು ರಾಶಿ ಹಾಕುವುದರಲ್ಲಿ. ಮಲೆನಾಡಿನ ಕಾಡೆಂದರೆ ಹೆಚ್ಚಿನಂಶ ಜೀರುಂಡೆ, ನೀರು, ಎಲೆ; ಹಕ್ಕಿ ನಡುವೆ ಬಂದು ಹೋಗುತ್ತದೆ. ಹಾಗಾಗಿ ಮೊದಲು ತಳದ ಸದ್ದು.

ಮೀಸಲು ಅರಣ್ಯವಾದರೆ ಇಲಾಖೆಯ ಅನುಮತಿ ಪಡೆದೇ ಹೋಗಿ. ರೆಕಾರ್ಡರನ್ನು 48 ಕಿಲೋಹರ್ಟ್ಸ್, 24 ಬಿಟ್‌ಗೆ ಹೊಂದಿಸಿ. ಅದರ ಮೀಟರಿನಲ್ಲಿ ಗರಿಷ್ಠ ಮಟ್ಟ ಮೈನಸ್ 12 ಡೆಸಿಬಲ್ ದಾಟದಿರಲಿ. ಆಟೋ ಗೇನ್ (ದಾಖಲಾತಿಯ ಮಟ್ಟವನ್ನು ಯಂತ್ರವೇ ಏರಿಳಿಸುವ ಸೌಲಭ್ಯ) ಆಫ್ ಮಾಡಲೇಬೇಕು. ಇಲ್ಲವಾದರೆ ಜೀರುಂಡೆ ಒಮ್ಮೆಲೇ ನಿಂತಾಗ ಯಂತ್ರ ತಾನಾಗಿ ಗೇನ್ ಏರಿಸಿ, ಮೌನವಿರಬೇಕಾದಲ್ಲಿ ಸುಯ್ಯೆನ್ನುವ ಸದ್ದು ಉಬ್ಬಿಬರುತ್ತದೆ; ಆಮೇಲೆ ಅದನ್ನು ತೆಗೆಯುವುದು ಕಷ್ಟ. ಮೈಕಿಗೆ ತುಪ್ಪಳದ ಗವಸು ಹಾಕಿ, 30 ಅಡಿ ದೂರ ಹೋಗಿ ಕೂತುಬಿಡಿ. ಹತ್ತಿರವೇ ಕೂತರೆ ಇಂಬಳ ಕೀಳುವ ಸದ್ದೂ ದಾಖಲಾಗುತ್ತದೆ.

ಸ್ಪೀಕರ್‌ಗಳು ನಾಲ್ಕು ಮೂಲೆಯಲ್ಲಿ, ಗೋಡೆಯಿಂದ ಒಂದೆರಡು ಅಡಿ ಈಚೆಗೆ, ನಡುವಿಗೆ ಮುಖಮಾಡಿ ಇರಲಿ. ಗೋಡೆಗೆ ಅಂಟಿಸಿದರೆ ಹೊಳೆಯ ಸದ್ದು ಗುಮ್ಮೆನ್ನುತ್ತದೆ. ನಾಲ್ಕಕ್ಕೂ ಒಂದೇ ಫೈಲ್ ಕೊಡಬೇಡಿ: ಕಿವಿ ಮೊದಲು ತಲುಪಿದ ಸದ್ದಿನ ಕಡೆಗೇ ವಾಲುವುದರಿಂದ ಇಡೀ ಕಾಡು ಹತ್ತಿರದ ಡಬ್ಬಿಯೊಳಗೆ ಸೇರಿಕೊಳ್ಳುತ್ತದೆ. ಒಂದೇ ಜಾಗದ, ಒಂದೇ ಹೊತ್ತಿನ ದಾಖಲೆಯಿಂದ 7, 9, 11, 13 ನಿಮಿಷದ ನಾಲ್ಕು ತುಂಡು ಮಾಡಿ, ಸ್ಪೀಕರಿಗೊಂದರಂತೆ ಕೊಟ್ಟು, ಮುಗಿದೊಡನೆ ಮತ್ತೆ ಮೊದಲಿನಿಂದ ಬರುವಂತೆ ಬೇರೆಬೇರೆಯಾಗಿ ಸುತ್ತಿಸಿ. ಅದೇ ಜೋಡಣೆ ಮತ್ತೆ ಬರುವುದು 9,009 ನಿಮಿಷಕ್ಕೆ, ಅಂದರೆ ಆರು ದಿನ ದಾಟಿದ ಮೇಲೆ. ತುಂಡಿನ ಕೊನೆ ಮತ್ತು ಮೊದಲನ್ನು 5 ಸೆಕೆಂಡ್ ಕ್ರಾಸ್‌ಫೇಡ್ ಮಾಡದಿದ್ದರೆ (ಒಂದು ಕರಗುತ್ತ ಇನ್ನೊಂದು ಏರುವಂತೆ ಬೆಸೆಯದಿದ್ದರೆ) ಟಪ್ಪೆಂದು ಕೇಳುತ್ತದೆ.

ಕುಟ್ರುಹಕ್ಕಿ, ಮಂಗಟ್ಟೆಗಳದು ಬೇರೆ ಟ್ರ್ಯಾಕ್, ಮೋನೋ (ಒಂದೇ ಚಾನೆಲ್). ಒಂದು ಕೂಗು, ಆಮೇಲೆ 40ರಿಂದ 90 ಸೆಕೆಂಡ್ ಬಿಡುವು. ದೂರದ ಹಕ್ಕಿ ಬೇಕೆಂದರೆ ವಾಲ್ಯೂಮ್ ತಗ್ಗಿಸಿದರಷ್ಟೇ ಸಾಲದು, ಅದು ಹತ್ತಿರದ ಪಿಸುಮಾತಿನಂತಾಗುತ್ತದೆ. ಎಲೆ, ಗಾಳಿ ತೀಕ್ಷ್ಣ ಸ್ವರಗಳನ್ನು ಹೀರುವುದರಿಂದ 5 ಕಿಲೋಹರ್ಟ್ಸ್‌ಗಿಂತ ಮೇಲಿನದನ್ನು ಇಳಿಸಿ, ಚೂರು ರಿವರ್ಬ್ (ಮಾರ್ದನಿ) ಸೇರಿಸಿ. ಹಕ್ಕಿ ಕೂಗುಗಳ ಜಾಲತಾಣ ಜ಼ೀನೋ-ಕ್ಯಾಂಟೋದಿಂದ ತೆಗೆದುಕೊಂಡ ಕೂಗಾದರೆ ಪರವಾನಗಿ ಓದಿ. 'ಎನ್‌ಡಿ' (ನೋ ಡೆರಿವೇಟಿವ್ಸ್) ಎಂದಿದ್ದರೆ ಮಾರ್ಪಡಿಸಿ ಪ್ರದರ್ಶಿಸುವಂತಿಲ್ಲ.

ದೃಶ್ಯಕ್ಕೆ ಹುಲಿ-ಆನೆಯ ವಿಡಿಯೊ ಬೇಡ, ಕಣ್ಣು ಕಿವಿಯನ್ನು ನುಂಗಿಬಿಡುತ್ತದೆ. ಸ್ಪೆಕ್ಟ್ರೋಗ್ರಾಮ್, ಅಂದರೆ ಸದ್ದಿನ ಏರಿಳಿತವನ್ನು ಹೊತ್ತಿನ ಜೊತೆ ಬರೆಯುವ ಚಿತ್ರ, ಸಾಕು. 2016ರಲ್ಲಿ ಪ್ಯಾರಿಸ್‌ನ ಕಾರ್ಟಿಯೇ ಪ್ರತಿಷ್ಠಾನದಲ್ಲಿ ಕಾಡಿನ ಸದ್ದುಗಳನ್ನು ದಾಖಲಿಸುವ ಬರ್ನಿ ಕ್ರೌಸ್ ಅವರ ದಾಖಲೆಗಳನ್ನು ಹೀಗೆಯೇ ಗೋಡೆಯ ಮೇಲೆ ಹರಿಸಿದ್ದರು. ಕಪ್ಪು ಹಿನ್ನೆಲೆ, 0ಯಿಂದ 10 ಕಿಲೋಹರ್ಟ್ಸ್, ವಿಂಡೋ ಗಾತ್ರ (ಒಮ್ಮೆಗೆ ವಿಶ್ಲೇಷಿಸುವ ಸದ್ದಿನ ತುಣುಕು) 2048 ಸ್ಯಾಂಪಲ್: ಜೀರುಂಡೆ ಮೇಲೆ ದಪ್ಪ ಪಟ್ಟಿಯಾಗಿಯೂ ಕುಟ್ರು ಕೆಳಗೆ ಸಣ್ಣ ಚುಕ್ಕೆಗಳಾಗಿಯೂ ಕಾಣುತ್ತವೆ.

ಪ್ರೊಜೆಕ್ಟರಿನ ಫ್ಯಾನ್ ಸದ್ದು ಮೆಲ್ಲನೆಯ ಸ್ವರಗಳನ್ನೆಲ್ಲ ಮುಚ್ಚುತ್ತದೆ; ಅದನ್ನು ಕಿಟಕಿಯಾಚೆ ಇಟ್ಟು ಗಾಜಿನ ಮೂಲಕ ಬಿಂಬ ಬೀಳಿಸಿ. ಕೊನೆಗೆ ಕೋಣೆಯ ನಡುವೆ ನಿಂತು ಮಟ್ಟ ಅಳೆಯಿರಿ, 50-55 ಡೆಸಿಬಲ್ ಸಾಕು.