ಗಂಡನ ಹೆಸರಿನ ಕಾಲಂ

ಗರ್ಭ ನಿಲ್ಲದಿರಲಿ ಅಂತ ತುರ್ತು ಮಾತ್ರೆ ಎರಡು ಸಲ ನುಂಗಿದ್ದೆ. ಎರಡು ಸಲವೂ ಮುಟ್ಟು ತಡವಾಗಿ, ಕ್ಯಾಲೆಂಡರ್ ನೋಡುತ್ತಾ ಕೂತದ್ದೇ ಬಂತು. ಮದುವೆಗೆ ನನಗೂ ನನ್ನ ಹುಡುಗನಿಗೂ ಅವಸರವಿಲ್ಲ, ಮಗುವಂತೂ ಸದ್ಯಕ್ಕೆ ಬೇಡವೇ ಬೇಡ. ಸರಿ, ಡಾಕ್ಟರ ಹತ್ತಿರವೇ ಹೋಗೋಣ ಅಂದುಕೊಂಡೆ.

ಬೆಂಗಳೂರಿನಲ್ಲಿ ನಮ್ಮ ಪಿಜಿ ಪಕ್ಕದ ಖಾಸಗಿ ಕ್ಲಿನಿಕ್‌ನಲ್ಲಿ ಡಾಕ್ಟರಮ್ಮ ಕೇಳಿದ್ದು ಒಂದೇ: "ಮದುವೆ ಆಗಿದ್ಯಾ?" ಇಲ್ಲ ಅಂದೆ. "ಹಾಗಾದ್ರೆ ಇದೆಲ್ಲ ಯಾಕಮ್ಮಾ? ನಿಮ್ಮ ಅಮ್ಮನ್ನ ಕರ್ಕೊಂಡು ಬಾ." ನನಗಾಗ 26 ವರ್ಷ. ಫೀಸು ಮಾತ್ರ ಪೂರ್ತಿ ತಗೊಂಡರು.

ಸರ್ಕಾರಿ ಕೇಂದ್ರಗಳಲ್ಲಿ ಗರ್ಭ ತಡೆಯುವ 'ಅಂತರ' ಇಂಜೆಕ್ಷನ್ ಪುಕ್ಕಟೆ ಹಾಕುತ್ತಾರೆ ಅಂತ ಆಫೀಸಿನ ಗೆಳತಿ ಹೇಳಿದಳು. ನಗರ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗುವಾಗ ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡೆ: "ಸಿಸ್ಟರ್, ಅಂತರ ಹಾಕಿಸ್ಕೋಬೇಕಿತ್ತು. ಮುಟ್ಟು ಶುರುವಾಗಿ ನಾಲ್ಕು ದಿನ ಆಯ್ತು." ಎರಡನೇ ಮಾತೇ ಮುಖ್ಯ. ಮುಟ್ಟು ಶುರುವಾದ 7 ದಿನದೊಳಗೆ ಹೋದರೆ ಗರ್ಭಿಣಿಯೋ ಏನೋ ಅನ್ನುವ ಅನುಮಾನಕ್ಕೆ ಹೆಚ್ಚು ಜಾಗ ಇರುವುದಿಲ್ಲ.

ಸಿಸ್ಟರ್ ರಿಜಿಸ್ಟರ್ ತುಂಬುತ್ತಾ ಬಂದವರು ಗಂಡನ ಹೆಸರಿನ ಕಾಲಂನಲ್ಲಿ ಪೆನ್ನು ನಿಲ್ಲಿಸಿದರು. "ಮದುವೆ ಆಗಿಲ್ಲ" ಅಂದೆ. ಹಿಂದೆ ಸಾಲಿನಲ್ಲಿದ್ದ ಅಜ್ಜಿ ಕೆಮ್ಮಿದರು. ನನ್ನನ್ನು ಕಂಡೇ ಕೆಮ್ಮಿದರು ಅಂತ ಅವತ್ತು ಅನ್ನಿಸಿತ್ತು. ಸಿಸ್ಟರ್ ಆ ಕಾಲಂಗೆ ಒಂದು ಗೀಟು ಎಳೆದು, "ತೋಳು ಕೊಡು, ಬಿಪಿ ನೋಡ್ತೀನಿ" ಅಂದರು. ಅಷ್ಟೇ.

ಡಾಕ್ಟರು ನೋಡಿದ ಮೇಲೆ ಸೂಜಿ. ಚುಚ್ಚಿದ ಜಾಗವನ್ನು ನಾನು ಉಜ್ಜಲು ಹೋದರೆ ಸಿಸ್ಟರ್ ಕೈ ತಳ್ಳಿದರು: "ಉಜ್ಜಬೇಡ, ಬಿಸಿ ಶಾಖನೂ ಕೊಡಬೇಡ. ಔಷಧ ಬೇಗ ಇಳಿದುಹೋಗುತ್ತೆ." ಮೂರು ತಿಂಗಳಿಗೊಂದು ಡೋಸ್, ಮುಂದಿನ ತಾರೀಕು ಕಾರ್ಡಿನಲ್ಲಿ ಬರೆದುಕೊಟ್ಟರು. ಲೈಂಗಿಕ ಕಾಯಿಲೆ ತಡೆಯಲು ಇದು ಸಾಲದು, ಕಾಂಡೋಮ್ ಬೇಕೇ ಬೇಕು ಅಂತಲೂ ಹೇಳಿದರು. ಇಂಜೆಕ್ಷನ್ ಬಿಟ್ಟ ಮೇಲೆ ಗರ್ಭ ನಿಲ್ಲಲು ಕೆಲವು ತಿಂಗಳು ಹಿಡಿಯುತ್ತದೆ. ಬೇಗ ಮಗು ಬೇಕೆನ್ನುವವರು ಇದನ್ನು ಮೊದಲೇ ಯೋಚಿಸಬೇಕು.

ಎರಡು ತಿಂಗಳು ಹೊತ್ತಲ್ಲದ ಹೊತ್ತಲ್ಲಿ ಕಲೆ ಕಾಣಿಸಿಕೊಂಡಿತು. ಬ್ಯಾಗಿನಲ್ಲಿ ಪ್ಯಾಡ್ ಇಲ್ಲದೆ ಹೊರಡುತ್ತಲೇ ಇರಲಿಲ್ಲ. ಹೀಗಾಗಬಹುದು ಅಂತ ಮೊದಲೇ ಹೇಳಿದ್ದರಿಂದ ಗಾಬರಿಯಾಗಲಿಲ್ಲ.

ಇದೇ ಹೊತ್ತಿಗೆ ರೂಮ್‌ಮೇಟ್‌ಗೆ ಗರ್ಭಪಾತ ಮಾಡಿಸಬೇಕಾಗಿ ಬಂತು. ಒಂದು ಕಡೆ ಗಂಡನ ಸಹಿ ಕೇಳಿದರಂತೆ. 18 ದಾಟಿದವಳಿಗೆ ಅವಳ ಒಪ್ಪಿಗೆಯೊಂದೇ ಸಾಕು. ಗರ್ಭಪಾತದ ಕಾನೂನಿಗೆ ಬಂದ 2021ರ ತಿದ್ದುಪಡಿಯಲ್ಲಿ ಗಂಡ ಅನ್ನುವ ಕಡೆ ಸಂಗಾತಿ ಅಂತಲೇ ಬಂದಿದೆ. ಇದನ್ನು ಹೇಳಲು ನಾನೇ ಜೊತೆಗೆ ಹೋದೆ.

ಎರಡನೇ ಡೋಸ್‌ಗೆ ಹೋದಾಗ ಬೇರೆ ಸಿಸ್ಟರ್ ಇದ್ದರು. ಪೆನ್ನು ಅದೇ ಕಾಲಂಗೆ ಬಂದು ನಿಂತಿತು. "ಗೀಟು ಎಳೀರಿ ಸಿಸ್ಟರ್" ಅಂದೆ.