ಮಗುವನ್ನು ಸಂಶೋಧನೆಗೆ ಸೇರಿಸುವ ಮುನ್ನ

ನನ್ನ ಮಗನಿಗೆ ಎಕ್ಸ್‌ಎಲ್‌ಎ ಎಂಬ ಜೀನ್ ಕಾಯಿಲೆ. ದೇಹದಲ್ಲಿ ಸೋಂಕಿನ ವಿರುದ್ಧ ಹೋರಾಡುವ ಪ್ರತಿಕಾಯಗಳೇ ಸರಿಯಾಗಿ ತಯಾರಾಗುವುದಿಲ್ಲ. 1952ರಲ್ಲಿ ಬ್ರೂಟನ್ ಎಂಬ ವೈದ್ಯರು ಗುರುತಿಸಿದ ಕಾಯಿಲೆ ಇದು.

ಇಂಥ ಮಗುವನ್ನು ಸಂಶೋಧನೆಗೆ ಸೇರಿಸಿ ಅಂತ ಆಸ್ಪತ್ರೆಯವರು ಕೇಳಿದರೆ ಸುಮ್ನೆ ಸಹಿ ಹಾಕಬೇಡಿ. ಔಷಧ ಪ್ರಯೋಗವಾದರೆ ಸಿಟಿಆರ್‌ಐ (ಭಾರತದಲ್ಲಿ ಇಂಥ ಪ್ರಯೋಗಗಳನ್ನು ದಾಖಲಿಸುವ ಪಟ್ಟಿ) ನೋಂದಣಿ ಸಂಖ್ಯೆ ಕೇಳಿ. ಒಪ್ಪಿಗೆ ಪತ್ರ ಕನ್ನಡದಲ್ಲೇ ಇರಲಿ, ಮನೆಗೆ ತಂದು ಓದಿ. ಎಷ್ಟು ರಕ್ತ ತೆಗೆಯುತ್ತಾರೆ? ಉಳಿದದ್ದನ್ನು ಎಲ್ಲಿಡುತ್ತಾರೆ? ಜೀನ್ ವರದಿ ನಮಗೂ ಸಿಗುತ್ತದಾ? ಈ ಕೊನೆಯದನ್ನು ಬಿಡಲೇಬೇಡಿ. ಇದು ತಾಯಿಯಿಂದ ಮಗನಿಗೆ ಬರಬಹುದಾದ ಜೀನ್ ದೋಷ. ತಾಯಿಯಾದ ನನ್ನ ತಂಗಿಯಲ್ಲೂ ಅದೇ ದೋಷ ಇರಬಹುದು, ಅವಳಿಗೆ ಇನ್ನೂ ಮಕ್ಕಳಾಗಬೇಕು ಅಲ್ವಾ?

ಏಳು ದಾಟಿದ ಮಗುವಿನ ಬಾಯಿಮಾತಿನ ಒಪ್ಪಿಗೆಯೂ ಬೇಕು, ಹನ್ನೆರಡು ದಾಟಿದರೆ ಬರಹದಲ್ಲಿ.

ಒಂದು ನೋಟ್‌ಬುಕ್ ಇಡಿ. ಜ್ವರ, ಕಿವಿ ಸೋರಿದ್ದು, ನ್ಯುಮೋನಿಯಾ, ಐವಿಐಜಿ (ರಕ್ತನಾಳದ ಮೂಲಕ ಕೊಡುವ ಪ್ರತಿಕಾಯಗಳು) ಕೊಟ್ಟ ತಾರೀಕು ಬರೆಯಿರಿ. ಬಾಟಲಿಯ ಬ್ಯಾಚ್ ನಂಬರ್ ಕೂಡ.

ಬೇಡ ಅನಿಸಿದರೆ ಯಾವಾಗ ಬೇಕಾದರೂ ಹೊರಬರಬಹುದು. ಅದಕ್ಕಾಗಿ ಮಾಮೂಲಿ ಚಿಕಿತ್ಸೆ ನಿಲ್ಲಿಸುವಂತಿಲ್ಲ.