ಕತ್ತಲ ಯುದ್ಧದ ಎಪಿಸೋಡಿಗೆ ರಿಯಾಕ್ಷನ್ ಕೊಡುವುದು ಹೇಗೆ: ‘ದಿ ಲಾಂಗ್ ನೈಟ್’ ಇಟ್ಟುಕೊಂಡು ಒಂದು ಕೈಪಿಡಿ

ಎಚ್‌ಬಿಓ ವಾಹಿನಿಯ ‘ಗೇಮ್ ಆಫ್ ಥ್ರೋನ್ಸ್’ ಧಾರಾವಾಹಿಯ ಎಂಟನೇ ಸೀಸನ್ನಿನ ಮೂರನೇ ಎಪಿಸೋಡು ‘ದಿ ಲಾಂಗ್ ನೈಟ್’ ಅಮೆರಿಕದಲ್ಲಿ 2019ರ ಏಪ್ರಿಲ್ 28ರ ಭಾನುವಾರ ರಾತ್ರಿ ಬಂತು. ನಮ್ಮಲ್ಲಿ ಆಗ ಸೋಮವಾರ ಬೆಳಿಗ್ಗೆ 6:30. ಒಟ್ಟು 82 ನಿಮಿಷ, ಹೆಚ್ಚುಕಡಿಮೆ ಪೂರ್ತಿ ಒಂದೇ ಯುದ್ಧ, ಅದೂ ರಾತ್ರಿಯ ಯುದ್ಧ: ವಿಂಟರ್‌ಫೆಲ್ ಎಂಬ ಕೋಟೆಯ ಮೇಲೆ ನೈಟ್ ಕಿಂಗನ ಸತ್ತವರ ಪಡೆ ಬೀಳುತ್ತದೆ. ಮುಗಿಯುವ ಹೊತ್ತಿಗೆ ಅಭಿಮಾನಿಗಳಲ್ಲಿ ಎರಡು ಕೂಗು ಎದ್ದಿದ್ದವು. ಒಂದು, “ಏನೂ ಕಾಣಲೇ ಇಲ್ಲ.” ಇನ್ನೊಂದು, “ಕಂಡಷ್ಟೂ ಸರಿಯಿಲ್ಲ.”

ಮೊದಲನೆಯದು ಟಿವಿ, ಇಂಟರ್ನೆಟ್ಟು, ಕೋಣೆಯ ಬೆಳಕಿಗೆ ಸೇರಿದ ದೂರು. ಎರಡನೆಯದು ಕಥೆಗೆ, ನಿರ್ದೇಶನಕ್ಕೆ ಸೇರಿದ್ದು. ಅವತ್ತಿನ ಜಗಳದ ಅರ್ಧ ಪಾಲು ಇವೆರಡನ್ನೂ ಕಲಸಿಕೊಂಡದ್ದರಿಂದಲೇ ಆದದ್ದು. ಯುದ್ಧದ ಎಪಿಸೋಡಿಗೆ ರಿಯಾಕ್ಷನ್ ಬರೆಯುವವರು, ವಿಡಿಯೋ ಮಾಡುವವರು ಮೊದಲು ಮಾಡಬೇಕಾದ ಕೆಲಸ ಇವೆರಡನ್ನು ಬೇರೆ ಮಾಡುವುದು. ಹೇಗೆ ಅನ್ನುವುದು ಕೆಳಗಿದೆ. ಎಪಿಸೋಡು ಇನ್ನೂ ನೋಡದವರು ಇಲ್ಲಿಗೇ ನಿಲ್ಲಿಸಿ. ಮುಂದೆ ಯಾರು ಸಾಯುತ್ತಾರೆ, ಯಾರು ಸಾಯಿಸುತ್ತಾರೆ ಎಲ್ಲ ಬರುತ್ತದೆ.

ಮೊದಲು ಕಾಣಿಸಲಿ

ಸ್ಟ್ರೀಮಿಂಗಿನಲ್ಲಿ ವಿಡಿಯೋವನ್ನು ಹಿಂಡಿ ಕಳಿಸುತ್ತಾರೆ. ಹಿಂಡುವ ಸಾಫ್ಟ್‌ವೇರು ಕಣ್ಣಿಗೆ ಹೊಡೆದು ಕಾಣದ ಕಡೆ ಡೇಟಾ ಉಳಿಸುತ್ತದೆ, ಅದರ ಲೆಕ್ಕದಲ್ಲಿ ಕತ್ತಲೆ ಅಂಥ ಜಾಗ. ಹತ್ತಾರು ಬಗೆಯ ಕಪ್ಪು ನಾಲ್ಕೈದಕ್ಕೆ ಇಳಿದು, ಆಕಾಶದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಪಟ್ಟೆ ಏಳುತ್ತದೆ. ಅದರ ಮೇಲೆ ಹಿಮ, ಹೊಗೆ, ಕಿಡಿ. ಇವು ಪ್ರತಿ ಫ್ರೇಮಿನಲ್ಲೂ ಜಾಗ ಬದಲಿಸುವುದರಿಂದ ಉಳಿದ ಡೇಟಾ ಅಲ್ಲಿಗೇ ಖರ್ಚಾಗುತ್ತದೆ. ವಿಂಟರ್‌ಫೆಲ್ ಮೇಲೆ ಹಿಮಗಾಳಿ ಬೀಸಿ ಡ್ರ್ಯಾಗನ್‌ಗಳು ಮೋಡದೊಳಗೆ ತಡಕಾಡುವ ಭಾಗ ಬಹಳ ಮನೆಗಳಲ್ಲಿ ಬೂದಿ ಬಣ್ಣದ ಚೌಕಗಳಾಗಿ ಕಂಡದ್ದು ಇದಕ್ಕೇ. ಛಾಯಾಗ್ರಾಹಕ ಫೇಬಿಯನ್ ವಾಗ್ನರ್ ಆಗ ಕೊಟ್ಟ ಉತ್ತರ, ಎಪಿಸೋಡು ಕತ್ತಲೆಯಾಗಿಲ್ಲ, ಜನಕ್ಕೆ ಟಿವಿ ಸರಿಯಾಗಿ ಸೆಟ್ ಮಾಡಲು ಬರುವುದಿಲ್ಲ ಎಂಬ ಧಾಟಿಯದು. ಜನ ಇನ್ನಷ್ಟು ಕೆರಳಿದರು. ಆದರೂ ಮಾತಿನಲ್ಲಿ ಅರ್ಧ ಸತ್ಯ ಇದೆ. ಉಳಿದರ್ಧ ಹಿಂಡಿ ಕಳಿಸಿದವರ ತಪ್ಪು, ಅದನ್ನು ಮನೆಯಲ್ಲಿ ಕೂತು ಸರಿ ಮಾಡಲಾಗದು. ನಮ್ಮ ಕೈಯಲ್ಲಿರುವುದು ಇಷ್ಟು:

1. ಪಿಕ್ಚರ್ ಮೋಡನ್ನು ‘ಮೂವಿ’, ‘ಸಿನೆಮಾ’ ಅಥವಾ ‘ಫಿಲ್ಮ್‌ಮೇಕರ್’ಗೆ ಇಡಿ. ಅಂಗಡಿಯಲ್ಲಿ ಮಿಂಚಲೆಂದು ಮಾಡಿದ ‘ವಿವಿಡ್’, ‘ಡೈನಾಮಿಕ್’ ಮೋಡುಗಳು ಕಡುಗಪ್ಪಿನಲ್ಲಿರುವ ವಿವರವನ್ನೆಲ್ಲ ನುಂಗುತ್ತವೆ.

2. ಎನರ್ಜಿ ಸೇವಿಂಗ್, ಇಕೋ, ಕೋಣೆಯ ಬೆಳಕು ನೋಡಿ ತಾನೇ ಮಂಕಾಗುವ ಸೆನ್ಸರ್, ಡೈನಾಮಿಕ್ ಕಾಂಟ್ರಾಸ್ಟ್, ಮೋಷನ್ ಸ್ಮೂದಿಂಗ್ ಇವೆಲ್ಲ ಆಫ್. ಕೊನೆಯದಕ್ಕೆ ಒಂದೊಂದು ಕಂಪನಿ ಒಂದೊಂದು ಹೆಸರಿಟ್ಟಿದೆ. ‘ಮೋಷನ್’ ಎಂದಿರುವ ಮೆನುವಿನಲ್ಲಿ ಹುಡುಕಿ.

3. ‘ಬ್ರೈಟ್‌ನೆಸ್’ ಏರಿಸಬೇಡಿ. ಎಲ್ಲರೂ ಮಾಡುವ ತಪ್ಪು ಇದು. ಬಹಳಷ್ಟು ಟಿವಿಗಳಲ್ಲಿ ಆ ಹೆಸರಿನ ಗುಂಡಿ ಬದಲಿಸುವುದು ಕಪ್ಪಿನ ಮಟ್ಟವನ್ನು. ಏರಿಸಿದರೆ ಕಪ್ಪು ಬೂದಿಯಾಗಿ, ಮುಚ್ಚಿದ್ದ ಪಟ್ಟೆಗಳೂ ಎದ್ದು ಬರುತ್ತವೆ. ಏರಿಸಬೇಕಾದದ್ದು ‘ಬ್ಯಾಕ್‌ಲೈಟ್’; ಒಎಲ್‌ಇಡಿಯಲ್ಲಿ ‘ಒಎಲ್‌ಇಡಿ ಲೈಟ್’. ಸೋನಿಯ ಹೊಸ ಟಿವಿಗಳಲ್ಲಿ ಮಾತ್ರ ಬ್ಯಾಕ್‌ಲೈಟನ್ನೇ ‘ಬ್ರೈಟ್‌ನೆಸ್’ ಎನ್ನುತ್ತಾರೆ, ಕಪ್ಪಿಗೆ ‘ಬ್ಲ್ಯಾಕ್ ಲೆವೆಲ್’ ಬೇರೆ ಇರುತ್ತದೆ.

4. ಕಪ್ಪಿನ ಮಟ್ಟ ಸರಿಯಿದೆಯೇ ನೋಡಲು ಎಪಿಸೋಡಿನ ಕೊನೆಯ ಟೈಟಲ್ಸ್ ಹಾಕಿ. ಕಪ್ಪು ಹಿನ್ನೆಲೆಯಲ್ಲಿ ಬಿಳಿ ಅಕ್ಷರ. ದೀಪ ಆರಿಸಿದಾಗ ಹಿನ್ನೆಲೆ ಟಿವಿಯ ಚೌಕಟ್ಟಿನ ಜೊತೆ ಬೆರೆಯುವವರೆಗೆ ಇಳಿಸಿ, ಅಲ್ಲಿಂದ ಒಂದೆರಡು ಅಂಕಿ ಮೇಲಕ್ಕೆ.

5. ಗಾಮಾ (ಕಪ್ಪು-ಬಿಳುಪಿನ ನಡುವಿನ ಛಾಯೆಗಳ ಬೆಳಕು): ಕೋಣೆ ಪೂರ್ತಿ ಕತ್ತಲಿದ್ದರೆ 2.4, ಸ್ವಲ್ಪ ಬೆಳಕಿದ್ದರೆ 2.2.

ಲ್ಯಾಪ್‌ಟಾಪಿನಿಂದ ಎಚ್‌ಡಿಎಂಐ ಕೇಬಲ್ ಹಾಕಿ ನೋಡುವವರಿಗೆ ಬಣ್ಣದ ‘ರೇಂಜ್’ ಎಂಬ ಇನ್ನೊಂದು ಗುಂಡಿ ಇದೆ. ಲ್ಯಾಪ್‌ಟಾಪು ‘ಫುಲ್’, ಟಿವಿ ‘ಲಿಮಿಟೆಡ್’ ಎಂದಿದ್ದರೆ ಕತ್ತಲೆಯ ವಿವರ ಪೂರ್ತಿ ಕಪ್ಪಾಗುತ್ತದೆ. ಅದಲುಬದಲಾದರೆ ಚಿತ್ರ ತೊಳೆದ ಬಟ್ಟೆಯ ಹಾಗೆ ಪೇಲವವಾಗುತ್ತದೆ. ಎರಡೂ ಕಡೆ ಒಂದೇ ಇರಲಿ.

ಬೆಳಿಗ್ಗೆ ಆರೂವರೆಗೆ ನೋಡುವವರ ನಿಜವಾದ ಶತ್ರು ಪೂರ್ವದ ಕಿಟಕಿ. ತೆಳು ಪರದೆ ಸಾಲದು, ಕಂಬಳಿ ಕಟ್ಟಿ. ಟಿವಿಯ ಹಿಂದಿನ ಗೋಡೆಗೆ ಬೀಳುವ ಹಾಗೆ ಒಂದು ಸಣ್ಣ ಬಿಳಿ ದೀಪ ಇಟ್ಟರೆ 82 ನಿಮಿಷಕ್ಕೆ ಕಣ್ಣು ಸೋಲುವುದಿಲ್ಲ. ಆ ದೀಪ ಪರದೆಯ ಮೇಲೆ ಪ್ರತಿಫಲಿಸಬಾರದು. ಸಬ್‌ಟೈಟಲ್ ಬೇಕಿದ್ದರೆ ಅಕ್ಷರದ ಬಣ್ಣ ಬಿಳಿಯಿಂದ ಬೂದಿಗೆ ಬದಲಿಸಿ. ಕತ್ತಲಿಗೆ ಹೊಂದಿಕೊಂಡ ಕಣ್ಣನ್ನು ಒಂದೊಂದು ಬಿಳಿ ಸಾಲೂ ಕೆಡಿಸುತ್ತದೆ, ಈ ಎಪಿಸೋಡಿನಲ್ಲಿ ಮಾತೂ ಕಡಿಮೆ.

ಕೆಲವು ಒಎಲ್‌ಇಡಿ ಟಿವಿಗಳಲ್ಲಿ ಇನ್ನೊಂದು ಕಾಟ. ಕತ್ತಲ ದೃಶ್ಯ ಹೆಚ್ಚು ಬದಲಾಗದೆ ಕೆಲವು ನಿಮಿಷ ಮುಂದುವರಿದರೆ, ಚಿತ್ರ ನಿಂತೇ ಹೋಗಿದೆ ಎಂದುಕೊಂಡು ಟಿವಿ ತಾನೇ ಮೆಲ್ಲಗೆ ಮಂಕಾಗುತ್ತದೆ. ರಿಮೋಟಿನಲ್ಲಿ ಮೆನು ಒಮ್ಮೆ ತೆರೆದು ಮುಚ್ಚಿ, ಸರಿಹೋಗುತ್ತದೆ.

ಇಂಟರ್ನೆಟ್ಟಿನ ಲೆಕ್ಕ ಸರಳ: 1080ಪಿಗೆ ಕನಿಷ್ಠ 5 ಎಂಬಿಪಿಎಸ್, 4ಕೆಗೆ 25. ಕ್ವಾಲಿಟಿಯನ್ನು ‘ಆಟೋ’ದಲ್ಲಿ ಬಿಡದೆ ಮೇಲಿನದನ್ನು ಆರಿಸಿ. ಎಲ್ಲರೂ ಒಟ್ಟಿಗೆ ನುಗ್ಗುವ ಪ್ರಸಾರದ ಹೊತ್ತಿಗಿಂತ ಒಂದು ಗಂಟೆ ತಡವಾಗಿ ನೋಡಿದರೆ ಚಿತ್ರ ಚೆನ್ನಾಗಿರುವ ಸಾಧ್ಯತೆ ಹೆಚ್ಚು, ಕಥೆ ಮೊದಲೇ ಬಯಲಾಗುವ ಸ್ಪಾಯ್ಲರ್ ಬೀಳುವ ಸಾಧ್ಯತೆಯೂ ಹೆಚ್ಚು. ಯಾವುದು ಬೇಕೋ ನೀವೇ ಆರಿಸಿಕೊಳ್ಳಿ. 2019ರ ಡಿಸೆಂಬರಿನಲ್ಲಿ ಡಿಸ್ಕ್ ಬಂದಮೇಲೆ ಅದರಲ್ಲಿ ನೋಡಿದವರಿಗೆ ಇದೇ ಎಪಿಸೋಡು ಬೇರೆಯದೇ ಆಗಿ ಕಾಣಿಸಿತು.

ಶಬ್ದದಲ್ಲಿ, ದೊಡ್ಡ ಸದ್ದನ್ನು ಕುಗ್ಗಿಸುವ ‘ನೈಟ್ ಮೋಡ್’ ತೆಗೆಯಿರಿ. ಆ ವರ್ಷ ಈ ಎಪಿಸೋಡಿಗೆ ಧ್ವನಿ ಸಂಕಲನಕ್ಕೂ ಧ್ವನಿ ಮಿಶ್ರಣಕ್ಕೂ ಎಮ್ಮಿ ಪ್ರಶಸ್ತಿ ಬಂತು. ಕಣ್ಣಿಗೆ ಕಾಣದ್ದನ್ನು ಕಿವಿ ತುಂಬಿಕೊಟ್ಟಿತು ಎಂದರೆ ಅತಿಶಯವಲ್ಲ.

ಎರಡು ಸಲ ನೋಡಿ, ಎರಡು ಬಗೆಯಲ್ಲಿ ಬರೆದುಕೊಳ್ಳಿ

ಮೊದಲ ಸಲ ನಿಲ್ಲಿಸಬಾರದು. ಕೈಯಲ್ಲಿ ಕಾಗದ ಪೆನ್ನು ಇರಲಿ, ಫೋನು ಬೇಡ. ಮೈ ಜುಮ್ಮೆಂದಾಗ, ಬೇಜಾರಾದಾಗ, “ಇವನು ಯಾರು?” ಅನ್ನಿಸಿದಾಗ ನಿಮಿಷ ಬರೆದು ಪಕ್ಕದಲ್ಲಿ ಒಂದೇ ಪದ ಹಾಕಿ: ‘ಭಯ’, ‘ಕಾಣಲ್ಲ’, ‘ಸುಳ್ಳು’, ‘ಅಯ್ಯೋ’. ಹೆಚ್ಚು ಬರೆಯಲು ಹೋದರೆ ದೃಶ್ಯ ತಪ್ಪುತ್ತದೆ.

ಎರಡನೇ ಸಲ, ಸಾಧ್ಯವಾದರೆ ಮರುದಿನ, ಆ ನಿಮಿಷಗಳಿಗೆ ಮಾತ್ರ ಹೋಗಿ ನಿಲ್ಲಿಸಿ ನಿಲ್ಲಿಸಿ ನೋಡಿ. ‘ಕಾಣಲ್ಲ’ ಎಂದು ಬರೆದ ಪ್ರತಿ ಜಾಗಕ್ಕೂ ಒಂದು ಪ್ರಶ್ನೆ: ನನಗೆ ಕಾಣಲಿಲ್ಲವೋ, ಗೋಡೆಯ ಮೇಲೆ ನಿಂತ ಪಾತ್ರಕ್ಕೂ ಕಾಣುತ್ತಿರಲಿಲ್ಲವೋ?

ಕೋಟೆ ಕಾಯುವವರ ಕಡೆಯ ದೋಥ್ರಾಕಿ ಸವಾರರ ದೃಶ್ಯವನ್ನೇ ತೆಗೆದುಕೊಳ್ಳಿ. ಮಂತ್ರಗಾತಿ ಮೆಲಿಸಾಂಡ್ರೆ ಮಂತ್ರ ಹೇಳುತ್ತಾಳೆ, ಸಾಲಿನುದ್ದಕ್ಕೂ ಕತ್ತಿಗಳಿಗೆ ಬೆಂಕಿ ಹತ್ತುತ್ತದೆ, ಕುದುರೆಗಳು ಕತ್ತಲಿಗೆ ನುಗ್ಗುತ್ತವೆ. ಕ್ಯಾಮೆರಾ ಹಿಂದೆ ಉಳಿದವರ ಜೊತೆ ನಿಲ್ಲುತ್ತದೆ. ಬೆಳಕಿನ ಗೆರೆ ದೂರ ಸರಿದು ಚುಕ್ಕೆಗಳಾಗುತ್ತದೆ, ಚುಕ್ಕೆಗಳು ಆರುತ್ತವೆ, ಗದ್ದಲವೂ ಅದರ ಜೊತೆ ಆರುತ್ತದೆ. ಆಮೇಲೆ ಸವಾರರಿಲ್ಲದ ಕುದುರೆಗಳು ವಾಪಸು. ಇಲ್ಲಿ ಕಾಣದಿರುವುದೇ ದೃಶ್ಯ. ಇದಕ್ಕೆ “ಕತ್ತಲು ಜಾಸ್ತಿ” ಎಂದು ಬರೆದರೆ ನಗೆಪಾಟಲು. ಹಿಮಗಾಳಿಯಲ್ಲಿ ಯಾವ ಡ್ರ್ಯಾಗನ್ ಯಾವುದೆಂದು ಗೊತ್ತಾಗದಿದ್ದರೆ ಮಾತ್ರ ಅದೇ ದೂರು ಸಲ್ಲುತ್ತದೆ.

ಯುದ್ಧತಂತ್ರದ ದೂರಿಗೆ ನಕ್ಷೆ ಬೇಕು. ಒಂದು ಹಾಳೆಯಲ್ಲಿ ಕೋಟೆ, ಅಂಗಳ, ನೆಲದಡಿಯ ಸಮಾಧಿಗಳು, ದೇವರ ತೋಪು, ಹೊರಗೆ ಕಂದಕ, ಕಂದಕದ ಆಚೆ ಕಾಲಾಳು, ಕವಣೆಯಂತ್ರ, ಎಲ್ಲಕ್ಕಿಂತ ಮುಂದೆ ಕುದುರೆಪಡೆ ಎಂದು ಬರೆಯಿರಿ. ಬರೆಯುತ್ತಿದ್ದಂತೆಯೇ ತಪ್ಪುಗಳು ಕಾಣುತ್ತವೆ. ಶತ್ರು ಎಲ್ಲಿದ್ದಾನೆಂದೇ ತಿಳಿಯದೆ ಕುದುರೆಗಳನ್ನು ಬಿಟ್ಟರು. ಕವಣೆಯಂತ್ರಗಳನ್ನು ಗೋಡೆಯ ಒಳಗಿಡದೆ ಬಯಲಿನಲ್ಲಿಟ್ಟರು. ಸತ್ತವರನ್ನು ಎಬ್ಬಿಸುವ ಶತ್ರು ಬರುತ್ತಿದ್ದಾನೆಂದು ಗೊತ್ತಿದ್ದೂ ಹೆಂಗಸರು ಮಕ್ಕಳನ್ನು ಸಮಾಧಿಗಳ ನಡುವೆ ಕೂರಿಸಿದರು. “ಸ್ಟ್ರ್ಯಾಟಜಿ ಸರಿಯಿಲ್ಲ” ಎಂಬ ಒಂದು ಸಾಲಿಗಿಂತ ಈ ನಕ್ಷೆಯ ಫೋಟೋ ಹೆಚ್ಚು ಹೇಳುತ್ತದೆ.

ಹೋಲಿಕೆ ಮಾಡುವುದಾದರೆ ಅದೇ ನಿರ್ದೇಶಕ ಮಿಗೆಲ್ ಸಪೋಚ್ನಿಕ್ ಮಾಡಿದ 2016ರ ‘ಬ್ಯಾಟಲ್ ಆಫ್ ದಿ ಬಾಸ್ಟರ್ಡ್ಸ್’ ಜೊತೆ ಮಾಡಿ. ಅದು ಹಗಲು, ಎರಡೇ ಪಕ್ಷ, ಹೆಚ್ಚಿನ ಪಾಲು ನಾಯಕ ಜಾನ್ ಸ್ನೋ ಬೆನ್ನಿಗೇ ಅಂಟಿದ ಕ್ಯಾಮೆರಾ. ಇಲ್ಲಿ ಹತ್ತಾರು ಪಾತ್ರ, ಐದಾರು ಜಾಗ. ನಮ್ಮವರಿಗೆ ರಾತ್ರಿ ಯುದ್ಧವೆಂದರೆ ದ್ರೋಣಪರ್ವದ ಘಟೋತ್ಕಚನ ರಾತ್ರಿ ನೆನಪಾಗುವುದು ಸಹಜ. ಅಲ್ಲಿ ಎರಡೂ ಪಡೆಯವರು ದೀವಟಿಗೆ ಹೊತ್ತಿಸಿಕೊಂಡು ಕಾದುತ್ತಾರೆ, ಅಂದರೆ ಬೆಳಕನ್ನು ಕಥೆಯೇ ಕೊಡುತ್ತದೆ. ‘ದಿ ಲಾಂಗ್ ನೈಟ್’ ಮೊದಲು ಮಾಡುವ ಕೆಲಸ ಇದ್ದ ಬೆಳಕನ್ನು ಕಿತ್ತುಕೊಳ್ಳುವುದು.

ಕೊನೆಗೆ ಕಥೆಯ ದೂರು. ನೈಟ್ ಕಿಂಗನನ್ನು ಸ್ಟಾರ್ಕ್ ಮನೆತನದ ಹುಡುಗಿ ಆರ್ಯಾ ಕೊಂದದ್ದು ಎಲ್ಲಿಂದಲೋ ಉದುರಿದ್ದು ಎಂದು ಬರೆಯುವ ಮೊದಲು ಮೂರು ಜಾಗ ನೋಡಿಬನ್ನಿ. ಮೂರನೇ ಸೀಸನ್ನಿನಲ್ಲಿ ಮೆಲಿಸಾಂಡ್ರೆ ಅವಳಿಗೆ, ಅವಳು ಶಾಶ್ವತವಾಗಿ ಮುಚ್ಚಲಿರುವ ಕಂದು, ನೀಲಿ, ಹಸಿರು ಕಣ್ಣುಗಳ ಬಗ್ಗೆ ಹೇಳಿದ್ದು. ಏಳನೇ ಸೀಸನ್ನಿನ ನಾಲ್ಕನೇ ಎಪಿಸೋಡಿನಲ್ಲಿ ಯೋಧೆ ಬ್ರಿಯೆನ್ ಜೊತೆ ಅಭ್ಯಾಸ ಮಾಡುವಾಗ ಕಠಾರಿಯನ್ನು ಒಂದು ಕೈಯಿಂದ ಬಿಟ್ಟು ಇನ್ನೊಂದರಲ್ಲಿ ಹಿಡಿದದ್ದು. ಮತ್ತೆ ಇದೇ ಎಪಿಸೋಡಿನಲ್ಲಿ, ಅವಳು ಹಾರುವುದಕ್ಕೆ ಸ್ವಲ್ಪ ಮುಂಚೆ, ನಿಂತಿದ್ದ ಒಬ್ಬ ವೈಟ್ ವಾಕರ್‌ನ (ನೈಟ್ ಕಿಂಗನ ಬಂಟ) ಕೂದಲು ಗಾಳಿ ಸೋಕಿದಂತೆ ಅಲುಗಾಡುವುದು. ಮೊದಲ ಸಲ ಇದನ್ನು ಕಂಡವರು ಕಡಿಮೆ. ಇಷ್ಟು ನೋಡಿಯೂ ಒಪ್ಪಿಗೆಯಾಗದಿದ್ದರೆ ಧಾರಾಳವಾಗಿ ಬೈಯಿರಿ. ಎಂಟು ಸೀಸನ್ ಬೆಳೆಸಿದ ಭಯ ಮೂರನೇ ಎಪಿಸೋಡಿಗೇ ಮುಗಿಯಿತು ಎಂಬ ದೂರು ಆಮೇಲೂ ಗಟ್ಟಿಯಾಗಿಯೇ ನಿಲ್ಲುತ್ತದೆ. ಹೆಣಗಳ ರಾಶಿ ಮೈಮೇಲೆ ಬಿದ್ದರೂ ಮುಖ್ಯ ಪಾತ್ರಗಳು ಬದುಕಿ ಏಳುವುದೂ ಅಷ್ಟೇ. ಜಾನ್ ಗೆಳೆಯ ಸ್ಯಾಮ್ ಎಷ್ಟು ಸಲ ನೆಲಕ್ಕೆ ಬೀಳುತ್ತಾನೆ, ಎಣಿಸಿ ಬರೆಯಿರಿ.

ಬರೆಯುವಾಗ ಭಾಷೆಯ ಒಂದು ಎಚ್ಚರ: ‘ಬೆಂಕಿ ಎಪಿಸೋಡ್ ಗುರು’ ಎಂಬುದು ನಮ್ಮಲ್ಲಿ ಎಲ್ಲಕ್ಕೂ ಒಗ್ಗುವ ಹೊಗಳಿಕೆ. ಬೆಂಕಿ ಆರುವುದೇ ಮುಖ್ಯ ದೃಶ್ಯವಾಗಿರುವ ಎಪಿಸೋಡಿಗೂ ಅದನ್ನೇ ಬಳಸಿದರೆ ಓದುವವರು ನಿಮ್ಮ ಕಾಲೆಳೆಯುತ್ತಾರೆ.

ವಿಡಿಯೋ ಮಾಡುವವರಿಗೆ

ಷಿಕಾಗೋದ ಬರ್ಲಿಂಗ್ಟನ್ ಬಾರಿನಲ್ಲಿ ಸೇರಿದವರ ಕೂಗಾಟದ ವಿಡಿಯೋಗಳು ಆ ಕಾಲದಲ್ಲಿ ಎಲ್ಲ ಕಡೆ ಓಡಿದವು. ಅಂಥದ್ದು ಮನೆಯಲ್ಲಿ ಮಾಡುವುದಾದರೆ ಫೋನನ್ನು ಟ್ರೈಪಾಡಿನಲ್ಲಿ ಟಿವಿಯ ಪಕ್ಕಕ್ಕೆ, ಕೂತವರ ಕಣ್ಣಿನ ಎತ್ತರದಲ್ಲಿ ಇಡಿ. ಎಕ್ಸ್‌ಪೋಷರ್ (ಕ್ಯಾಮೆರಾ ತೆಗೆದುಕೊಳ್ಳುವ ಬೆಳಕು) ಲಾಕ್ ಮಾಡಲೇಬೇಕು. ಇಲ್ಲದಿದ್ದರೆ ಡ್ರ್ಯಾಗನ್ ಉಗುಳಿದಾಗಲೆಲ್ಲ ಮುಖಗಳು ಬೆಳ್ಳಗಾಗಿ ಕಪ್ಪಾಗಿ ಕುಣಿಯುತ್ತವೆ. 82 ನಿಮಿಷದ 1080ಪಿ ರೆಕಾರ್ಡಿಂಗಿಗೆ 5ರಿಂದ 10 ಜಿಬಿ ಖಾಲಿ ಜಾಗ ಬೇಕು. ಚಾರ್ಜರ್ ಸಿಕ್ಕಿಸಿ, ಫ್ಲೈಟ್ ಮೋಡ್ ಹಾಕಿ. ನಡುವೆ ಅಮ್ಮನ ಫೋನು ಬಂದರೆ ರೆಕಾರ್ಡಿಂಗ್ ನಿಂತುಹೋಗಬಹುದು.

ಟಿವಿ ಪರದೆ ಚೌಕಟ್ಟಿನಲ್ಲಿ ಬರಬಾರದು, ಟಿವಿಯ ಶಬ್ದವೂ ಆದಷ್ಟು ಕಡಿಮೆ ಇರಲಿ. ಕೊನೆಯಲ್ಲಿ ಸಂಗೀತ ಕೊಟ್ಟ ರಮೀನ್ ಜಾವಾದಿಯವರ ಪಿಯಾನೋ ಸುಮಾರು 9 ನಿಮಿಷ ಹರಿಯುತ್ತದೆ. ಅದು ಸ್ಪಷ್ಟವಾಗಿ ಕೇಳಿಸಿದರೆ ಯೂಟ್ಯೂಬಿನ ಕಾಪಿರೈಟ್ ಯಂತ್ರ ಹಿಡಿಯುತ್ತದೆ. ಆರಂಭದ ಎಚ್‌ಬಿಓ ಲೋಗೋ ಹೊತ್ತಿಗೆ ಒಂದು ಚಪ್ಪಾಳೆ ತಟ್ಟಿ. ಯಾವ ರಿಯಾಕ್ಷನ್ ಯಾವ ನಿಮಿಷಕ್ಕೆ ಎಂದು ಆಮೇಲೆ ಹೊಂದಿಸಲು ಅದು ಸಾಕು.

ಕ್ಯಾಮೆರಾ ಇದೆಯೆಂದು ಗೊತ್ತಿರುವವರು ಮೊದಲ ಕಾಲುಗಂಟೆ ನಾಟಕ ಮಾಡುತ್ತಾರೆ. ಅದಕ್ಕೇ ಎಪಿಸೋಡಿಗೆ ಅರ್ಧ ಗಂಟೆ ಮುಂಚೆ, ಕಾಫಿ ಕುಡಿಯುವಾಗಲೇ ಆನ್ ಮಾಡಿಬಿಡಿ. ಎಡಿಟ್ ಮಾಡುವಾಗ ಕಿರುಚಾಟ ಮಾತ್ರ ಆರಿಸಬೇಡಿ. ದೋಥ್ರಾಕಿ ದೃಶ್ಯಕ್ಕೆ ಸಿಗುವ ಅತ್ಯುತ್ತಮ ರಿಯಾಕ್ಷನ್ ಅಂದರೆ ಯಾರೂ ಉಸಿರೆತ್ತದ ಹತ್ತು ಸೆಕೆಂಡು. ಪುಟ್ಟ ಹುಡುಗಿ ಲಿಯಾನಾ ಮಾರ್ಮಂಟ್ ದೈತ್ಯನ ಕಣ್ಣಿಗೆ ಇರಿಯುವಾಗ ಒಂದೇ ಮುಖ ಸಾಕು. ಒಟ್ಟು 6ರಿಂದ 8 ನಿಮಿಷಕ್ಕೆ ಇಳಿಸಿ. ಹಾಕುವ ಮುಂಚೆ ಅದರಲ್ಲಿರುವ ಎಲ್ಲರ ಒಪ್ಪಿಗೆ ಕೇಳಿ. ಅಳುವುದು ರೆಕಾರ್ಡ್ ಆದವರನ್ನು ಎರಡು ಸಲ ಕೇಳಿ.

ಹಂಚುವಾಗ

ನಮ್ಮ ಸೋಮವಾರ ಬೆಳಿಗ್ಗೆಯ ಎಪಿಸೋಡನ್ನು ಆಫೀಸಿಗೆ ಹೋಗುವವರು ರಾತ್ರಿಯವರೆಗೂ ನೋಡಿರುವುದಿಲ್ಲ. ವಾಟ್ಸಾಪ್ ಗುಂಪಿನಲ್ಲಿ ‘ಸ್ಪಾಯ್ಲರ್’ ಎಂದು ಬರೆದು ಕೆಳಗೆ ವಿಷಯ ಹಾಕಿದರೆ ಪ್ರಯೋಜನವಿಲ್ಲ, ನೋಟಿಫಿಕೇಷನ್ನಿನಲ್ಲೇ ಎರಡು ಮೂರು ಸಾಲು ಕಾಣಿಸುತ್ತದೆ. ವಾಯ್ಸ್ ಮೆಸೇಜ್ ಕಳಿಸಿ, ಒತ್ತಿದವರಿಗೆ ಮಾತ್ರ ಗೊತ್ತಾಗುತ್ತದೆ. ಟೆಲಿಗ್ರಾಂನಲ್ಲಿ ಅಕ್ಷರ ಮುಚ್ಚುವ ‘ಸ್ಪಾಯ್ಲರ್’ ಸೌಲಭ್ಯವೇ ಇದೆ. “ಏನೂ ಹೇಳಲ್ಲ, ಆದರೆ ಆರ್ಯಾ!!!” ಎಂಬುದು ಪೂರ್ತಿ ಸ್ಪಾಯ್ಲರ್ರೇ, ಹೆಸರೊಂದೇ ಸಾಕು. ಥಂಬ್‌ನೇಲಿನಲ್ಲಿ ಯಾರ ಮುಖವನ್ನೂ ಹಾಕಬೇಡಿ, ಬದುಕಿದವರದ್ದು ಕೂಡ.

ಐಎಂಡಿಬಿ ತಾಣದಲ್ಲಿ ಅಂಕ ಕೊಡುವುದಿದ್ದರೆ ಎರಡನೇ ಸಲ ನೋಡಿದಮೇಲೆ ಕೊಡಿ. ಮೊದಲ ಸಲದ ಹಾಳೆಯಲ್ಲಿ ‘ಕಾಣಲ್ಲ’ ಎಂಬುದೇ ಹೆಚ್ಚಿದ್ದರೆ ಅಂಕ ತಡೆದು, ಆ ರಾತ್ರಿ ಟಿವಿಯ ಮೆನು ತೆರೆಯಿರಿ.